ಹೆಸರು ಬ್ರಹ್ಮ, ಒಳಗೆ ಶಿವ: ದೇವರ ಕಲ್ಪನೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ ಏಕೆ?

ತುಂಗಭದ್ರೆಯ ಎಡದಂಡೆಯ ಮೇಲಿರುವ ಅಲಂಪುರದಲ್ಲಿ ಬಾದಾಮಿ ಚಾಲುಕ್ಯರ ಕಾಲದ ಒಂಬತ್ತು ಗುಡಿಗಳಿವೆ. ತಾರಕಬ್ರಹ್ಮ, ಸ್ವರ್ಗಬ್ರಹ್ಮ, ಪದ್ಮಬ್ರಹ್ಮ, ಬಾಲಬ್ರಹ್ಮ, ಗರುಡಬ್ರಹ್ಮ, ಕುಮಾರಬ್ರಹ್ಮ, ಅರ್ಕಬ್ರಹ್ಮ, ವೀರಬ್ರಹ್ಮ, ವಿಶ್ವಬ್ರಹ್ಮ. ಹೆಸರು ಕೇಳಿ ಬಂದವರು ನಾಲ್ಕು ಮುಖದ ದೇವರನ್ನು ಹುಡುಕುತ್ತಾರೆ. ಆದರೆ ಇವೆಲ್ಲ ಶಿವನಿಗೆ ಕಟ್ಟಿದ ಗುಡಿಗಳು. ಇಂದಿಗೂ ನಿತ್ಯಪೂಜೆ ನಡೆಯುವ ಬಾಲಬ್ರಹ್ಮೇಶ್ವರನ ಗರ್ಭಗುಡಿಯಲ್ಲಿರುವುದು ಲಿಂಗ. ಬ್ರಹ್ಮನು ಇಲ್ಲಿ ಶಿವನನ್ನು ಕುರಿತು ತಪಸ್ಸು ಮಾಡಿದ, ಅದಕ್ಕೇ ಈ ಹೆಸರು ಎಂದು ಸ್ಥಳಪುರಾಣ ಹೇಳುತ್ತದೆ.

ನಾಲ್ಕು ಹೆಜ್ಜೆ ಆಚೆಗೆ ಜೋಗುಳಾಂಬೆಯ ಗುಡಿ. ಹದಿನೆಂಟು ಶಕ್ತಿಪೀಠಗಳಲ್ಲಿ ಒಂದೆಂದು ಎಣಿಸುವ ಈ ಪೀಠದ ತಾಯಿ ಉಗ್ರಸ್ವರೂಪಿಣಿ. ಗುಡಿಯ ಸುತ್ತ ನೀರು ನಿಲ್ಲಿಸಿದ್ದಾರೆ. ಅದು ತಾಯಿಯ ಕಾವನ್ನು ತಣಿಸುತ್ತದೆ ಎಂಬ ನಂಬಿಕೆಯಿದೆ. ಊರಲ್ಲೇ ಶಾ ಅಲಿ ಪೈಲ್ವಾನರ ದರ್ಗಾ ಇದೆ. ವಸ್ತುಸಂಗ್ರಹಾಲಯದಲ್ಲಿ ಲಜ್ಜಾಗೌರಿಯ ಶಿಲ್ಪವಿದೆ. ಅವಳ ಕತ್ತಿನ ಮೇಲೆ ಮುಖವಿಲ್ಲ, ಅರಳಿದ ತಾವರೆಯಿದೆ. ಅರ್ಧ ಗಂಟೆಯ ನಡಿಗೆಯಲ್ಲಿ ಆಕಾರವಿಲ್ಲದ ದೇವರು, ಬಿಸಿಯೇರುವ ದೇವರು, ಮುಖವಿಲ್ಲದ ದೇವರು, ಗೋರಿಯ ಬಳಿ ನಿಂತು ನೆನೆಯುವ ದೇವರು, ಎಲ್ಲ ಎದುರಾಗುತ್ತಾರೆ. ಎಲ್ಲದಕ್ಕೂ ನಮ್ಮಲ್ಲಿರುವುದು ‘ದೇವರು’ ಎಂಬ ಒಂದೇ ಮಾತು.

ಈ ಒಂದು ಮಾತಿನೊಳಗೆ ಎಷ್ಟು ಅರ್ಥಗಳಿವೆ? ಒಂದೇ ಮನೆಯಲ್ಲಿ ಬೆಳೆದವರು ಅದನ್ನು ಬೇರೆ ಬೇರೆಯಾಗಿ ಕಾಣುವುದೇಕೆ? ಕಳೆದ ಕೆಲವು ದಶಕಗಳಲ್ಲಿ ಮನೋವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ದೇವರಿದ್ದಾನೆಯೇ ಇಲ್ಲವೇ ಎಂದು ತೀರ್ಮಾನಿಸಲು ಅವರು ಹೊರಟಿಲ್ಲ. ದೇವರೆಂದಾಗ ಮನಸ್ಸಿನಲ್ಲಿ ಏನು ಮೂಡುತ್ತದೆ ಎಂಬುದು ಅವರ ಕುತೂಹಲ. ಅವರು ಕಂಡುಕೊಂಡದ್ದನ್ನು ಅಲಂಪುರದ ಅಂಗಳದಲ್ಲಿ ಕೂತು ಯೋಚಿಸಿದರೆ ಅನೇಕ ಸಂಗತಿಗಳು ತಿಳಿಯಾಗುತ್ತವೆ.

ಎಣಿಕೆಗೆ ಸಿಕ್ಕ ನಂಬಿಕೆ

ಮಕ್ತಲ್ ಕಡೆಯ ಕನ್ನಡದ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ‘ದೇವರು ಎಂಥವನು?’ ಎಂದು ಕೇಳಿದರೆ ಅಜ್ಜಿ ಜೋಗುಳಾಂಬೆಯನ್ನು ನೆನೆದು, “ಆಕಿ ನಮ್ಮವ್ವ. ಸಿಟ್ಟು ಬಂದ್ರ ಬೈತಾಳ, ಕೈ ಮಾತ್ರ ಬಿಡಂಗಿಲ್ಲ” ಎನ್ನಬಹುದು. ಅಪ್ಪ, “ದೇವ್ರಿಗೆ ರೂಪ ಎಲ್ಲದ? ಎಲ್ಲಾದ್ರಾಗೂ ಅವನೇ ಅದಾನ” ಎನ್ನಬಹುದು. ಹೈದರಾಬಾದಿನಲ್ಲಿ ಓದುವ ಮಗಳು, “ಅದಾನೋ ಇಲ್ಲೋ ನಂಗೊತ್ತಿಲ್ಲ. ಅಜ್ಜಿ ಕರದ್ರ ಗುಡಿಗೆ ಮಾತ್ರ ಬರ್ತೀನಿ” ಎನ್ನಬಹುದು. ಜನಗಣತಿಯವರು ಬಂದರೆ ಮೂವರ ಮುಂದೆಯೂ ಬರೆಯುವುದು ಒಂದೇ ಪದ.

2011ರ ಜನಗಣತಿಯಲ್ಲಿ ನಾಸ್ತಿಕರೆಂದು ಬರೆಸಿದವರು 121 ಕೋಟಿ ಜನರಲ್ಲಿ ಸುಮಾರು 33 ಸಾವಿರ ಮಾತ್ರ. ಮರುವರ್ಷ, 2012ರಲ್ಲಿ, ವಿನ್–ಗ್ಯಾಲಪ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆ ಭಾರತದಲ್ಲಿ ಮಾತಾಡಿಸಿದವರಲ್ಲಿ ಶೇ. 3ರಷ್ಟು ಮಂದಿ ತಾವು ನಾಸ್ತಿಕರೆಂದರು. ಈ ಲೆಕ್ಕ ಹಿಡಿದರೆ ಸಂಖ್ಯೆ ಕೋಟಿಗಳಿಗೆ ಏರುತ್ತದೆ. ಒಂದೇ ವರ್ಷದಲ್ಲಿ ದೇಶದ ನಂಬಿಕೆ ಬದಲಾಯಿತೇ? ಇಲ್ಲ, ಬದಲಾದದ್ದು ಪ್ರಶ್ನೆ. ಜನಗಣತಿ ಕೇಳುವುದು ‘ನಿಮ್ಮ ಧರ್ಮ ಯಾವುದು’ ಎಂದು. ಅದಕ್ಕೆ ಜನ ಮನೆತನದ ಗುರುತು ಹೇಳುತ್ತಾರೆ. ಸಮೀಕ್ಷೆ ಕೇಳಿದ್ದು ಒಬ್ಬೊಬ್ಬರ ಒಳಗಿನ ನಿಲುವನ್ನು. ನಮ್ಮ ಕಲ್ಪನೆಯ ಮನೆಯ ಮಗಳು ಮೊದಲನೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

2019ರ ಕೊನೆ ಮತ್ತು 2020ರ ಆರಂಭದಲ್ಲಿ ಪ್ಯೂ ಸಂಶೋಧನಾ ಕೇಂದ್ರದವರು ಭಾರತದಲ್ಲಿ ಸುಮಾರು 30 ಸಾವಿರ ವಯಸ್ಕರನ್ನು ಅವರವರ ಭಾಷೆಯಲ್ಲೇ ಮಾತಾಡಿಸಿದರು. ಶೇ. 97 ಮಂದಿ ದೇವರನ್ನು ನಂಬುತ್ತೇವೆ ಎಂದರು. ಮುಂದಿನ ಪ್ರಶ್ನೆಯಲ್ಲಿ ಈ ಒಮ್ಮತ ಒಡೆಯುತ್ತದೆ. ಹಿಂದೂಗಳಲ್ಲಿ ಶೇ. 61 ಮಂದಿಗೆ ದೇವರು ಒಬ್ಬನೇ, ಅವನಿಗೆ ರೂಪಗಳು ಹಲವು. ಶೇ. 29 ಮಂದಿಗೆ ದೇವರು ಒಬ್ಬನೇ. ದೇವರು ಹಲವರು ಎಂದವರು ಶೇ. 7 ಮಾತ್ರ. ‘ಮುಕ್ಕೋಟಿ ದೇವತೆಗಳ ನಾಡು’ ಎಂದು ನಮ್ಮನ್ನು ದೂರದಿಂದ ನೋಡುವವರಿಗೆ ಇದು ಅಚ್ಚರಿ. ಅಲಂಪುರದಲ್ಲಿ ಒಂಬತ್ತು ಹೆಸರಿನ ಗುಡಿಗಳೊಳಗೆ ಒಬ್ಬನೇ ಶಿವನನ್ನು ಕಂಡವರಿಗೆ ಅಲ್ಲ. ಇದೇ ಸಮೀಕ್ಷೆಯಲ್ಲಿ ಬೌದ್ಧರ ಪೈಕಿ ಮೂರರಲ್ಲಿ ಒಂದು ಪಾಲು ಜನ ತಾವು ದೇವರನ್ನು ನಂಬುವುದಿಲ್ಲ ಎಂದರು. ಧರ್ಮವಂತರಾಗಿರುವುದೂ ದೇವರನ್ನು ನಂಬುವುದೂ ಬೇರೆ ಬೇರೆ ಸಂಗತಿಗಳು ಎಂಬುದಕ್ಕೆ ಇದು ಸಾಕ್ಷಿ.

ಒಂದು ಮನಸ್ಸು, ಎರಡು ಚಿತ್ರ

ಜನರ ನಡುವೆ ವ್ಯತ್ಯಾಸವಿರುವುದು ಎಲ್ಲರಿಗೂ ಗೊತ್ತು. ಒಬ್ಬನ ಮನಸ್ಸಿನೊಳಗೇ ದೇವರ ಎರಡು ಚಿತ್ರಗಳಿರುತ್ತವೆ ಎಂಬುದನ್ನು ತೋರಿಸಿದ್ದು 1996ರ ಒಂದು ಪ್ರಯೋಗ. ಅಮೆರಿಕದ ಜಸ್ಟಿನ್ ಬ್ಯಾರೆಟ್ ಮತ್ತು ಫ್ರ್ಯಾಂಕ್ ಕೀಲ್ ಮೊದಲು ವಿದ್ಯಾರ್ಥಿಗಳನ್ನು ನೇರವಾಗಿ ಕೇಳಿದರು: ದೇವರು ಏಕಕಾಲಕ್ಕೆ ಹಲವು ಕೆಲಸ ಮಾಡಬಲ್ಲನೇ? ಎಲ್ಲೆಡೆ ಇದ್ದಾನೆಯೇ? ಹೌದು ಎಂಬ ಉತ್ತರ ಬಂತು. ಆಮೇಲೆ ಒಂದು ಪುಟ್ಟ ಕಥೆ ಓದಿಸಿದರು. ಹರಿಯುವ ಹೊಳೆಯಲ್ಲಿ ಈಜುವ ಹುಡುಗನ ಕಾಲು ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಅವನು ಮೊರೆಯಿಡುತ್ತಾನೆ. ಆ ಹೊತ್ತಿಗೆ ದೇವರು ಜಗತ್ತಿನ ಇನ್ನೊಂದು ಕಡೆ ಬೇರೊಬ್ಬರ ಪ್ರಾರ್ಥನೆಗೆ ಓಗೊಡುತ್ತಿರುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಬಂಡೆ ಸರಿಸಿ ಹುಡುಗನನ್ನು ಕಾಪಾಡುತ್ತಾನೆ.

ಕಥೆಯನ್ನು ನೆನಪಿನಿಂದ ಹೇಳುವಾಗ ಹಲವರು ಅದರಲ್ಲಿಲ್ಲದ ಮಾತನ್ನು ಸೇರಿಸಿದರು: ದೇವರು ಅಲ್ಲಿನ ಕೆಲಸ ಮುಗಿಸಿ ಇಲ್ಲಿಗೆ ಬಂದ! ಎಲ್ಲೆಡೆ ಇರುವ ದೇವರು ಕಥೆಯೊಳಗೆ ಬಂದಕೂಡಲೇ ಒಂದು ಊರಿಂದ ಇನ್ನೊಂದು ಊರಿಗೆ ನಡೆಯತೊಡಗಿದ. ಎರಡು ವರ್ಷಗಳ ಬಳಿಕ, 1998ರಲ್ಲಿ, ಬ್ಯಾರೆಟ್ ಉತ್ತರ ಭಾರತದ ಹಿಂದೂಗಳ ನಡುವೆ ಇಂಥದೇ ಅಧ್ಯಯನ ಪ್ರಕಟಿಸಿದರು. ಅಲ್ಲೂ ಇದೇ ಬಗೆಯ ಫಲಿತಾಂಶ ಬಂತು. ಪ್ರಶ್ನೆಗೆ ಉತ್ತರ ಕೊಡುವಾಗ ನಾವು ಕಲಿತ ಸಿದ್ಧಾಂತ ಮಾತಾಡುತ್ತದೆ. ಕಷ್ಟದಲ್ಲಿ, ಕಥೆಯಲ್ಲಿ, ಅವಸರದಲ್ಲಿ ಇನ್ನೊಂದು ಹಳೆಯ, ಸಹಜ ಚಿತ್ರ ಮೇಲೆದ್ದು ಬರುತ್ತದೆ. ಆ ಚಿತ್ರದ ದೇವರಿಗೆ ಕಣ್ಣಿದೆ, ಕಿವಿಯಿದೆ, ಒಂದು ಹೊತ್ತಿಗೆ ಒಂದೇ ಕಡೆ ಗಮನವಿದೆ.

ಜೋಗುಳಾಂಬೆಯ ಸುತ್ತ ನಿಂತ ನೀರನ್ನು ಈ ಬೆಳಕಿನಲ್ಲಿ ನೋಡಬೇಕು. ಜಗತ್ತನ್ನೇ ಹೆತ್ತವಳು ಎಂದು ಸ್ತುತಿಸುವ ಬಾಯಿಯೇ ಅವಳಿಗೆ ಬಿಸಿಯಾದೀತೆಂದು ಕಾಳಜಿ ಮಾಡುತ್ತದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ಮನಸ್ಸಿನ ಸಹಜ ನಡೆಯನ್ನೇ ತಪ್ಪಾಗಿ ಓದುತ್ತಾರೆ. ಓದಿದವರೂ ಓದದವರೂ, ಅಮೆರಿಕದವರೂ ಅಲಂಪುರದ ದಾರಿ ಹಿಡಿದವರೂ ಈ ಎರಡು ಚಿತ್ರಗಳ ನಡುವೆ ಓಡಾಡುತ್ತಾರೆ.

ಕಲ್ಲಿಗೂ ಮನಸ್ಸು ಕೊಡುವ ಮನಸ್ಸು

ಆ ಸಹಜ ಚಿತ್ರ ಎಲ್ಲಿಂದ ಬಂತು? 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಒಂದು ಸಣ್ಣ ಚಲನಚಿತ್ರ ಮಾಡಿದರು. ಅದರಲ್ಲಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿನಂತೆ ತೆರೆಯುವ ಒಂದು ಚೌಕಟ್ಟು. ಅವು ಅತ್ತಿತ್ತ ಚಲಿಸುತ್ತಿದ್ದವು, ಅಷ್ಟೆ. ಏನು ಕಂಡಿರೆಂದು 34 ಜನರನ್ನು ಕೇಳಿದಾಗ ಬರೀ ಆಕೃತಿಗಳ ಚಲನೆಯೆಂದು ವಿವರಿಸಿದವರು ಒಬ್ಬರೇ. ಉಳಿದವರು ಜಗಳ, ಹೆದರಿಕೆ, ಬೆನ್ನಟ್ಟುವಿಕೆಯ ಕಥೆ ಹೇಳಿದರು. ಚಲಿಸುವ ಗೆರೆಗಳಿಗೇ ನಾವು ಮನಸ್ಸನ್ನು ಕೊಟ್ಟುಬಿಡುತ್ತೇವೆ.

ಮಾನವಶಾಸ್ತ್ರಜ್ಞ ಸ್ಟೂವರ್ಟ್ ಗಥ್ರಿ 1993ರ ಪುಸ್ತಕವೊಂದರಲ್ಲಿ ಇದನ್ನು ಧರ್ಮದ ಮೂಲಕ್ಕೆ ಜೋಡಿಸಿದರು. ಕತ್ತಲಲ್ಲಿ ಪೊದೆ ಅಲುಗಿದರೆ ಗಾಳಿಯೆಂದು ಸುಮ್ಮನಿರುವುದಕ್ಕಿಂತ ಯಾವುದೋ ಪ್ರಾಣಿಯೆಂದು ಎಚ್ಚರವಾಗುವುದು ಲೇಸು. ಊಹೆ ತಪ್ಪಾದರೆ ನಷ್ಟ ಕಡಿಮೆ, ಸರಿಯಾದರೆ ಜೀವ ಉಳಿಯುತ್ತದೆ. ಹೀಗೆ ಎಲ್ಲೆಲ್ಲೂ ‘ಯಾರೋ ಇದ್ದಾರೆ’ ಎಂದು ಗುರುತಿಸುವ ಒಲವು ನಮ್ಮಲ್ಲಿ ಗಟ್ಟಿಯಾಯಿತು ಎಂಬುದು ಅವರ ವಾದ. ಇದು ಇನ್ನೂ ಚರ್ಚೆಯಲ್ಲಿರುವ ವಾದ. ಈ ಒಲವೊಂದರಿಂದಲೇ ದೇವರ ನಂಬಿಕೆ ಹುಟ್ಟಿತೆಂದು ಸಿದ್ಧವಾಗಿಲ್ಲ. ಆದರೂ ಲಿಂಗದ ಎದುರು ನಿಂತಾಗ ಈ ವಾದದ ಅರ್ಥ ತಟ್ಟುತ್ತದೆ. ಮುಖವಿಲ್ಲದ, ಕೈಕಾಲಿಲ್ಲದ ಆ ಕಲ್ಲಿಗೆ ನಾವು ಸ್ನಾನ ಮಾಡಿಸುತ್ತೇವೆ, ಗಂಧ ಪೂಸುತ್ತೇವೆ, ಎಡೆ ಇಡುತ್ತೇವೆ, ಮನೆಯ ಕಷ್ಟ ಹೇಳಿಕೊಳ್ಳುತ್ತೇವೆ. ನಿರಾಕಾರವನ್ನು ಸೂಚಿಸಲು ಆರಿಸಿದ ರೂಪವೂ ನಮ್ಮ ಕೈಯಲ್ಲಿ ಮನೆಯ ಹಿರಿಯನಾಗುತ್ತದೆ.

ಹೇಳಿಕೊಳ್ಳುವ ಆ ಕ್ಷಣದಲ್ಲಿ ಮಿದುಳಿನಲ್ಲಿ ಏನಾಗುತ್ತದೆ ಎಂದು ಡೆನ್ಮಾರ್ಕಿನ ಉಫೆ ಶ್ಯೋಟ್ ಮತ್ತು ಜೊತೆಗಾರರು 2009ರಲ್ಲಿ ನೋಡಿದರು. ಶ್ರದ್ಧಾವಂತ ಕ್ರೈಸ್ತರು 20 ಮಂದಿ ಸ್ಕ್ಯಾನರಿನೊಳಗೆ ತಮ್ಮದೇ ಮಾತಿನಲ್ಲಿ ಪ್ರಾರ್ಥಿಸಿದಾಗ, ಎದುರಿಗಿರುವ ಮನುಷ್ಯನ ಮನಸ್ಸನ್ನು ಅಂದಾಜಿಸುವಾಗ ಕೆಲಸ ಮಾಡುವ ಭಾಗಗಳು ಚುರುಕಾದವು. ಸಾಂಟಾ ಕ್ಲಾಸನಿಗೆ ಬೇಡಿಕೆ ಹೇಳುವಾಗ ಹೀಗಾಗಲಿಲ್ಲ. ಅವನು ಕಲ್ಪನೆಯವನೆಂದು ಅವರಿಗೆ ಗೊತ್ತಿತ್ತು. ಬಾಯಿಪಾಠದ ಪ್ರಾರ್ಥನೆಯ ಮಾದರಿಯೂ ಬೇರೆಯಾಗಿತ್ತು. ಭಕ್ತನ ಪಾಲಿಗೆ ಪ್ರಾರ್ಥನೆ ಒಂದು ನಿಜವಾದ ಮಾತುಕತೆ ಎಂದಷ್ಟೇ ಇದರಿಂದ ತಿಳಿಯುತ್ತದೆ. ಅತ್ತ ಕಡೆ ಕೇಳುವವರಿದ್ದಾರೋ ಇಲ್ಲವೋ ಎಂಬುದು ಸ್ಕ್ಯಾನರಿಗೆ ಕಾಣುವ ವಿಷಯವಲ್ಲ.

ನಮ್ಮ ಹೋಲಿಕೆ ಹೊತ್ತ ದೇವರು

ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಹುಟ್ಟಿದ ಗ್ರೀಕ್ ಚಿಂತಕ ಕ್ಸೆನೊಫನೀಸ್, ಒಂದೊಂದು ನಾಡಿನವರು ತಮ್ಮ ಮೈಬಣ್ಣದ ದೇವರನ್ನೇ ಕಾಣುತ್ತಾರೆ, ಕುದುರೆಗಳಿಗೆ ಚಿತ್ರ ಬರೆಯಲು ಬಂದಿದ್ದರೆ ಅವುಗಳ ದೇವರೂ ಕುದುರೆಯಂತೆ ಇರುತ್ತಿದ್ದ ಎಂಬ ಅಭಿಪ್ರಾಯ ಮುಂದಿಟ್ಟಿದ್ದ. 2018ರಲ್ಲಿ ಜೋಶುವಾ ಜ್ಯಾಕ್ಸನ್ ಮತ್ತು ಸಂಗಡಿಗರು ಅಮೆರಿಕದ 511 ಕ್ರೈಸ್ತರಿಗೆ ಮುಖಗಳ ಜೋಡಿಗಳನ್ನು ತೋರಿಸಿ, ದೇವರನ್ನು ಹೆಚ್ಚು ಹೋಲುವುದು ಯಾವುದೆಂದು ಆರಿಸಲು ಹೇಳಿದರು. ಆರಿಸಿದ ಮುಖಗಳನ್ನು ಒಟ್ಟುಗೂಡಿಸಿದಾಗ ಮೂಡಿದ್ದು ಬಿಳಿಗಡ್ಡದ ಮುದುಕನಲ್ಲ, ಸೌಮ್ಯವಾದ ಒಂದು ಎಳೆಯ ಮುಖ. ಕಿರಿಯರ ದೇವರು ಇನ್ನಷ್ಟು ಎಳೆಯವನಾಗಿದ್ದ. ಉದಾರ ರಾಜಕೀಯ ನಿಲುವಿನವರ ದೇವರು ಹೆಚ್ಚು ಮಮತೆಯವನಾಗಿಯೂ ಸಂಪ್ರದಾಯವಾದಿಗಳ ದೇವರು ಹೆಚ್ಚು ಬಲಶಾಲಿಯಾಗಿಯೂ ಕಂಡ.

ಮುಖದ ಹೋಲಿಕೆಗಿಂತ ಅಭಿಪ್ರಾಯದ ಹೋಲಿಕೆ ಇನ್ನೂ ಗಂಭೀರ. ನಿಕೊಲಸ್ ಎಪ್ಲಿ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಜನರು ವಿವಾದದ ವಿಷಯಗಳ ಬಗ್ಗೆ ತಮ್ಮ ಅಭಿಪ್ರಾಯ, ಇತರರ ಅಭಿಪ್ರಾಯ, ದೇವರ ಅಭಿಪ್ರಾಯ ಏನೆಂದು ಹೇಳಬೇಕಿತ್ತು. ದೇವರದ್ದೆಂದು ಹೇಳಿದ್ದು ತಮ್ಮದಕ್ಕೇ ಬಲು ಹತ್ತಿರವಿತ್ತು, ಬೇರೆ ಮನುಷ್ಯರ ಬಗ್ಗೆ ಮಾಡಿದ ಅಂದಾಜಿಗಿಂತ ಹೆಚ್ಚು ಹತ್ತಿರ. ವಾದಗಳನ್ನು ಓದಿಸಿ ಅವರ ನಿಲುವನ್ನು ಸ್ವಲ್ಪ ಸರಿಸಿದಾಗ ಅವರ ದೇವರ ನಿಲುವೂ ಸರಿಯಿತು. ‘ಇದು ದೇವರ ಇಚ್ಛೆ’ ಎಂದು ಹೇಳುವ ಮುನ್ನ ಯಾರೇ ಆಗಲಿ ಒಂದು ಕ್ಷಣ ತಡೆಯಬೇಕು ಎಂಬ ಪಾಠ ಇಲ್ಲಿದೆ. ಆ ಇಚ್ಛೆ ನನ್ನದೇ ದನಿಯಲ್ಲಿ ಮಾತಾಡುತ್ತಿದೆಯೇ ಎಂದು ಕೇಳಿಕೊಳ್ಳುವುದು ಭಕ್ತಿಗೆ ಕುಂದಲ್ಲ.

ಸಹಜದ ವಿರುದ್ಧ ಈಜಿದವರು

ಈ ಅಪಾಯ ನಮ್ಮ ನಾಡಿನ ಚಿಂತಕರಿಗೆ ತಿಳಿಯದ್ದೇನಲ್ಲ. ದೇವರನ್ನು ಮನುಷ್ಯನ ಅಳತೆಗೆ ಕುಗ್ಗಿಸುವ ಮನಸ್ಸಿನ ಒಲವಿನ ವಿರುದ್ಧ ಅವರು ಬೇರೆ ಬೇರೆ ದಾರಿಗಳಲ್ಲಿ ಸೆಣಸಿದರು. 12ನೇ ಶತಮಾನದ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಎದೆಯ ಮೇಲಿನ ಇಷ್ಟಲಿಂಗಕ್ಕೆ ನಡುವೆ ಪೂಜಾರಿ ಬೇಡ. ನೋಟ ನೆಟ್ಟು ಕೂತವನಿಗೆ ಕೊನೆಗೆ ನೋಡುವವನೂ ನೋಡಿಸಿಕೊಳ್ಳುವುದೂ ಒಂದಾಗಬೇಕು. ದಾಸರ ದಾರಿ ಇದಕ್ಕೆ ಎದುರು ದಿಕ್ಕಿನದು. 18ನೇ ಶತಮಾನದ ಗೋಪಾಲದಾಸರು ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದವರು. ಮಾನ್ವಿಯ ಜಗನ್ನಾಥದಾಸರು ಅವರ ಶಿಷ್ಯರು. ಅವರು ಅನುಸರಿಸಿದ ಮಧ್ವಮತದಲ್ಲಿ ಜೀವನೂ ದೇವರೂ ಎಂದೆಂದಿಗೂ ಬೇರೆ, ಒಂದಾಗುವ ಮಾತೇ ಇಲ್ಲ. ಅದ್ವೈತಿಗೆ ಗುಣರೂಪಗಳೆಲ್ಲ ವ್ಯವಹಾರಕ್ಕೆ ಮಾತ್ರ. ಪಂಪ, ರನ್ನರ ಜೈನಮತದಲ್ಲಿ ಜಗತ್ತಿಗೆ ಕರ್ತೃವೇ ಇಲ್ಲ. ಆತ್ಮ ತನ್ನ ಕರ್ಮವನ್ನು ತಾನೇ ಕಳೆದುಕೊಳ್ಳಬೇಕು. ಈ ನಾಲ್ಕೂ ಕನ್ನಡದಲ್ಲಿ ಬೇರೂರಿದ ನಿಲುವುಗಳು. ದೇವರ ಬಗ್ಗೆ ಭಿನ್ನಾಭಿಪ್ರಾಯ ಹೊರಗಿನಿಂದ ಬಂದ ಹೊಸ ರೋಗವೆಂದು ಯಾರಾದರೂ ಹೇಳಿದರೆ, ನಮ್ಮ ಸಾಹಿತ್ಯದ ಚರಿತ್ರೆಯೇ ಅದಕ್ಕೆ ಉತ್ತರ.

ಇಂಥ ತತ್ತ್ವಗಳನ್ನು ಮನಸ್ಸು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಪಾಠ, ಪ್ರವಚನ, ಭಜನೆ, ಧ್ಯಾನಗಳ ದೀರ್ಘ ಅಭ್ಯಾಸ ಬೇಕಾಯಿತು. ಬ್ಯಾರೆಟ್ ಪ್ರಯೋಗ ತೋರಿಸಿದಂತೆ, ಸಿದ್ಧಾಂತ ಕಲಿತವರಲ್ಲೂ ಕಥೆಯೊಳಗೆ ಹಳೆಯ ಚಿತ್ರ ಮರಳಿ ಬರುತ್ತದೆ.

ನಂಬುವವರು, ನಂಬದವರು

ಒಬ್ಬರು ನಂಬುತ್ತಾರೆ, ಒಡಹುಟ್ಟಿದ ಇನ್ನೊಬ್ಬರು ನಂಬುವುದಿಲ್ಲ. ಏಕೆ? ಮೊದಲ ಉತ್ತರ ಬೆಳೆದ ಮನೆ. ಮಕ್ಕಳು ಹಿರಿಯರ ಮಾತಿಗಿಂತ ಅವರ ನಡತೆಯನ್ನು ಹೆಚ್ಚು ನಂಬುತ್ತಾರೆ ಎಂದು ಜೋಸೆಫ್ ಹೆನ್ರಿಕ್ 2009ರಲ್ಲಿ ವಾದಿಸಿದರು. ಅವ್ವ ಉಪವಾಸ ಇರುವುದನ್ನು, ಅಪ್ಪ ಬರಿಗಾಲಲ್ಲಿ ಜಾತ್ರೆಗೆ ನಡೆಯುವುದನ್ನು, ಮೊಹರಂನಲ್ಲಿ ಊರಿನವರು ಜಾತಿಮತ ಮರೆತು ಅಲಾಯಿ ದೇವರಿಗೆ ಹರಕೆ ಸಲ್ಲಿಸುವುದನ್ನು ಕಂಡ ಮಗುವಿಗೆ ನಂಬಿಕೆ ನಡೆಯಿಂದಲೇ ದಾಟುತ್ತದೆ. ನಡೆ ಕಾಣದಿದ್ದರೆ ಬರೀ ಉಪದೇಶ ನಿಲ್ಲುವುದಿಲ್ಲ.

ಎರಡನೆಯದು ಹುಟ್ಟಿನ ಒಲವು. ಅಮೆರಿಕದ ಮಿನೆಸೋಟಾದ ಅವಳಿ ಗಂಡಸರನ್ನು ಕುರಿತ 2005ರ ಅಧ್ಯಯನದಲ್ಲಿ, ಬಾಲ್ಯದ ಧಾರ್ಮಿಕತೆಯಲ್ಲಿ ಜನರ ನಡುವಿನ ವ್ಯತ್ಯಾಸದ ಶೇ. 12ರಷ್ಟನ್ನು ಮಾತ್ರ ಅನುವಂಶೀಯತೆ ವಿವರಿಸಿತು. ದೊಡ್ಡವರಾದಾಗ ಅದು ಶೇ. 44ಕ್ಕೆ ಏರಿತು. ಒಂದೇ ಮನೆಯಲ್ಲಿ ಬೆಳೆದುದರ ಪಾಲು ಶೇ. 56ರಿಂದ 18ಕ್ಕೆ ಇಳಿಯಿತು. ಬಾಲ್ಯದ ವಿವರ ನೆನಪಿನಿಂದ ಹೇಳಿದ್ದು, ಲೆಕ್ಕ ಆ ಜನಸಮೂಹಕ್ಕೆ ಮಾತ್ರ ಸೇರಿದ್ದು. ‘ದೇವರ ಜೀನ್’ ಎಂಬುದೇನೂ ಸಿಕ್ಕಿಲ್ಲ. ಆದರೂ ಮನೆ ಬಿಟ್ಟು ದೂರ ಹೋದ ಮೇಲೆ ಒಬ್ಬೊಬ್ಬರ ಸ್ವಭಾವ ತನ್ನ ದಾರಿ ಹಿಡಿಯುತ್ತದೆ ಎಂಬುದನ್ನು ಅದು ಸೂಚಿಸುತ್ತದೆ.

ಮೂರನೆಯ ಉತ್ತರವೊಂದು ಬಹಳ ಹೆಸರು ಮಾಡಿ ಬಿದ್ದುಹೋಯಿತು. ವಿಶ್ಲೇಷಣೆಯ ಯೋಚನೆ ನಂಬಿಕೆಯನ್ನು ಕುಗ್ಗಿಸುತ್ತದೆ ಎಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದು ಸಾರಿತು. ಅದರ ಒಂದು ಪ್ರಯೋಗದಲ್ಲಿ ರೋದಾನನ ‘ಚಿಂತಕ’ ಶಿಲ್ಪದ ಚಿತ್ರ ನೋಡಿದವರ ನಂಬಿಕೆ ಇಳಿದಂತೆ ಕಂಡಿತ್ತು. 2017ರಲ್ಲಿ ಬೇರೆ ತಂಡವೊಂದು ಒಂಬೈನೂರಕ್ಕೂ ಹೆಚ್ಚು ಜನರೊಂದಿಗೆ ಅದನ್ನೇ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ. ಮೂಲ ಸಂಶೋಧಕರಲ್ಲೊಬ್ಬರಾದ ವಿಲ್ ಜರ್ವೇಸ್ ಇತರರೊಂದಿಗೆ 13 ದೇಶಗಳಲ್ಲಿ ನೋಡಿದಾಗ ವಿಶ್ಲೇಷಣೆಗೂ ನಾಸ್ತಿಕತೆಗೂ ಇರುವ ನಂಟು ದುರ್ಬಲವೆಂದೂ ದೇಶದಿಂದ ದೇಶಕ್ಕೆ ಬದಲಾಗುತ್ತದೆಂದೂ 2018ರಲ್ಲಿ ವರದಿ ಮಾಡಿದರು. ನಂಬದವರೆಲ್ಲ ಬುದ್ಧಿವಂತರು, ನಂಬುವವರೆಲ್ಲ ಭೋಳೆ ಎಂಬ ಹಮ್ಮಿಗೆ ವಿಜ್ಞಾನದ ಆಸರೆಯಿಲ್ಲ. ತನ್ನ ತಪ್ಪನ್ನು ತಾನೇ ಬಯಲಿಗಿಟ್ಟ ಈ ಪ್ರಸಂಗವನ್ನು ನಾನು ವಿಜ್ಞಾನದ ದೊಡ್ಡ ಗುಣವೆಂದು ತಿಳಿಯುತ್ತೇನೆ.

ನಂಬದಿರುವುದೂ ಗಂಭೀರವಾದ ಬದುಕಿನ ದಾರಿ. ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಎಂಬ ಪುಸ್ತಕ ಪ್ರಕಟಿಸಿ ತಮಗೆ ಆ ನಂಬಿಕೆ ಏಕೆ ಒಪ್ಪಿಗೆಯಾಗದು ಎಂದು ಸಂಯಮದಿಂದ ವಿವರಿಸಿದರು. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ಅವರು ಗಾಂಧಿಮಾರ್ಗದಲ್ಲಿ ಸರಳವಾಗಿ ಬದುಕಿದವರು. ಸಮಿತಿ ಪ್ರಶ್ನಿಸಿದ್ದು ಪರೀಕ್ಷೆಗೆ ಒಳಪಡಿಸಬಹುದಾದ ಹೇಳಿಕೆಯನ್ನು ಎಂಬುದನ್ನು ಮರೆಯಬಾರದು. ಗಾಳಿಯಿಂದ ಬೂದಿ ಬರಿಸುತ್ತೇನೆ ಎಂಬ ಮಾತನ್ನು ಪ್ರಯೋಗಕ್ಕೆ ಒಡ್ಡಬಹುದು. ಎಲ್ಲದರಲ್ಲೂ ಅವನಿದ್ದಾನೆ ಎಂಬ ಮಾತಿಗೆ ಪ್ರಯೋಗಶಾಲೆಯಲ್ಲಿ ಅಳತೆಗೋಲಿಲ್ಲ. ಮರವನ್ನು ನೋಡುವಾಗ ಮಿದುಳಿನ ಒಂದು ಭಾಗ ಚುರುಕಾಗುತ್ತದೆಂದು ಮರ ಸುಳ್ಳಾಗದು. ಕನಸಿನಲ್ಲಿ ಕಂಡಾಗಲೂ ಮಿದುಳು ಚುರುಕಾಗುತ್ತದೆಂದು ಕನಸಿನ ಮರ ನಿಜವಾಗದು. ನಂಬಿಕೆ ಹೇಗೆ ಹುಟ್ಟಿತೆಂದು ತಿಳಿದರೆ ಅದು ನಿಜವೋ ಸುಳ್ಳೋ ಎಂಬುದು ಅದರಿಂದಲೇ ಇತ್ಯರ್ಥವಾಗುವುದಿಲ್ಲ.

ಸಂಗಮವಿಲ್ಲದ ಸಂಗಮೇಶ್ವರ

ಅಲಂಪುರದಲ್ಲಿ ಇನ್ನೊಂದು ಗುಡಿಯಿದೆ, ಸಂಗಮೇಶ್ವರ. ಅದು ಮೂಲದಲ್ಲಿ ಕೃಷ್ಣಾ ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿತ್ತು. ಶ್ರೀಶೈಲಂ ಅಣೆಕಟ್ಟಿನ ಹಿನ್ನೀರಿಗೆ ಆ ಜಾಗ ಮುಳುಗುವಂತಾದಾಗ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಈಗ ಅದರ ಮುಂದೆ ಸಂಗಮವಿಲ್ಲ. ಹೆಸರು ಮಾತ್ರ ಹಾಗೇ ಇದೆ.

ನಮ್ಮ ಕಲ್ಪನೆಯ ಮನೆಯವರನ್ನು ಇಲ್ಲಿಗೆ ಕರೆತಂದರೆ ಅಜ್ಜಿ ಕೈಮುಗಿದು, ಊರು ಬಿಟ್ಟು ಬಂದರೂ ಸಂಗಪ್ಪ ಇದ್ದಲ್ಲೇ ಇದ್ದಾನೆ ಎನ್ನುತ್ತಾಳೆ. ಅಪ್ಪನಿಗೆ ಗುಡಿ ಎಲ್ಲಿದ್ದರೂ ಒಂದೇ. ಮಗಳು ಸಾವಿರದ ಮುನ್ನೂರು ವರ್ಷ ಹಿಂದಿನ ಕಲ್ಲುಗಳು ಹೊಸ ನೆಲದಲ್ಲಿ ಮತ್ತೆ ಅದೇ ಜಾಗಕ್ಕೆ ಕೂತದ್ದನ್ನು ಕಣ್ಣರಳಿಸಿ ನೋಡುತ್ತಾಳೆ. ಮೂವರೂ ನೋಡುತ್ತಿರುವುದು ಒಂದೇ ಗೋಡೆಯನ್ನು. ಅವರು ಪರಸ್ಪರ ‘ನೀನು ದೇವರನ್ನು ನಂಬುತ್ತೀಯಾ’ ಎಂದು ಕೇಳಿಕೊಂಡರೆ ಹೌದು, ಇಲ್ಲ ಎಂಬ ಎರಡು ಮಾತಿನಲ್ಲಿ ಮಾತುಕತೆ ಮುಗಿದೀತು. ‘ನೀನು ಹೇಳುವ ದೇವರು ಎಂಥವನು’ ಎಂದು ಕೇಳಿಕೊಂಡರೆ ಮಕ್ತಲಿಗೆ ಮರಳುವ ದಾರಿಯುದ್ದಕ್ಕೂ ಮಾತು ಸಾಗುತ್ತದೆ. ಮನಸ್ಸಿನ ವಿಜ್ಞಾನ ಇಷ್ಟು ವರ್ಷ ಕೇಳುತ್ತ ಬಂದಿರುವುದು ಈ ಎರಡನೆಯ ಪ್ರಶ್ನೆಯನ್ನೇ.